ಹಳೇ ಎಫ್‌ಐ ಗಾಡಿ, ಮಲೆನಾಡಿನ ಮಳೆಗಾಲ

ನಮಸ್ಕಾರ. ಎಫ್‌ಐ ಅಂದ್ರೆ ಫ್ಯುಯೆಲ್ ಇಂಜೆಕ್ಷನ್, ಕಾರ್ಬೊರೇಟರ್ ಬದಲು ಬೈಕಿನ ಕಂಪ್ಯೂಟರೇ ಪೆಟ್ರೋಲ್ ಅಳೆದು ಇಂಜಿನ್ನಿಗೆ ಚಿಮ್ಮಿಸೋ ಪದ್ಧತಿ. "ಎಫ್‌ಐ ಗಾಡಿ ನಮ್ಮ ಕಡೆಗೆ ಆಗಿ ಬರಲ್ಲ ಮಾರಾಯ, ಕಿತ್ತು ಕಾರ್ಬೊರೇಟರ್ ಹಾಕ್ಸು." ತೀರ್ಥಹಳ್ಳಿ, ಹೊಸನಗರ, ಸಾಗರ, ಎಲ್ಲಿ ಹೋದ್ರೂ ಈ ಮಾತು ಕಿವಿಗೆ ಬೀಳತ್ತೆ. ಸಾಕ್ಷಿಗೆ ಪಲ್ಸರ್ 220 ಕತೆ ತೆಗೀತಾರೆ. 2007ರಲ್ಲಿ ಎಫ್‌ಐ ಹಾಕ್ಕೊಂಡು ಬಂತು, 2009ರಲ್ಲಿ ಕಂಪನಿಯೇ ಕಾರ್ಬೊರೇಟರ್‌ಗೆ ವಾಪಸ್ ಹೋಯ್ತು, ಇನ್ನೇನು ಬೇಕು ಅಂತ. ಅದೇ ಕಾಲದ ಯಮಹಾ ಆರ್15 ನೋಡಿ. 2008ರಲ್ಲಿ ಎಫ್‌ಐ ಜೊತೆಗೇ ಬಂತು, ಇವತ್ತಿಗೂ ಅದರಲ್ಲೇ ಇದೆ. ಹಾಗಾಗಿ ಒಂದು ಮಾಡೆಲ್ ಇಟ್ಕೊಂಡು ಇಡೀ ಪದ್ಧತಿಗೆ ತೀರ್ಪು ಕೊಡೋದು ಬೇಡ.

ನಾನು ಹೇಳೋದು ಇಷ್ಟು: ಹಳೇ ಎಫ್‌ಐ ಗಾಡಿ ನಿಂತಾಗ ಮೊದಲು ಬೈಸಿಕೊಳ್ಳೋದು ಇಸಿಯು (ಆ ಕಂಪ್ಯೂಟರ್), ಆಮೇಲೆ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸೋ ನಳಿಕೆ). ತಪ್ಪು ಮಾತ್ರ ಸಾಮಾನ್ಯವಾಗಿ ಅವೆರಡಕ್ಕೂ ಊಟ ಹಾಕೋ ಕಡೆ ಇರತ್ತೆ. ಊಟ ಅಂದ್ರೆ ಎರಡೇ, ಸರಿಯಾದ ಕರೆಂಟು ಮತ್ತು ನೀರಿಲ್ಲದ ಪೆಟ್ರೋಲು. ನಮ್ಮ ಮಳೆಗಾಲ ಹಾಳು ಮಾಡೋದೂ ಇವೆರಡನ್ನೇ.

ಕರೆಂಟಿಂದ ಶುರು ಮಾಡೋಣ. ಐಡ್ಲಿಂಗಲ್ಲಿ ಇಂಜೆಕ್ಟರ್ ಒಂದು ಸಲಕ್ಕೆ ತೆರೆದಿರೋದು ಎರಡು-ಮೂರು ಮಿಲಿಸೆಕೆಂಡ್. ವೋಲ್ಟೇಜ್ ಕಮ್ಮಿ ಆದ್ರೆ ಅದು ತೆರೆಯೋದೇ ತಡ ಆಗತ್ತೆ, ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ನಿಧಾನ ತಿರುಗತ್ತೆ, ಇಸಿಯು ತಬ್ಬಿಬ್ಬಾಗತ್ತೆ. ಕಾರ್ಬೊರೇಟರ್ ಗಾಡಿಯಲ್ಲಿ ಬ್ಯಾಟರಿ ಸತ್ರೆ ಹಾರ್ನ್ ಹೋಗತ್ತೆ, ಕಿಕ್ಕರ್ ಹೊಡೆದು ಮನೆಗೆ ಬರಬಹುದು. ಎಫ್‌ಐ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಸತ್ರೆ ಇಳಿಜಾರಲ್ಲಿ ತಳ್ಳಿದ್ರೂ ಪ್ರಯೋಜನ ಇಲ್ಲ, ಪಂಪ್‌ಗೇ ಕರೆಂಟಿಲ್ಲ.

ಒಂದು ಮಲ್ಟಿಮೀಟರ್ ತಗೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಒತ್ತಿದಾಗ 10ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಸುಸ್ತಾಗಿದೆ. ಸ್ಟಾರ್ಟ್ ಆದ ಮೇಲೆ 5000 ಆರ್‌ಪಿಎಂನಲ್ಲಿ 13.5ರಿಂದ 14.5ರ ಒಳಗೆ ನಿಲ್ಲಬೇಕು. 15 ದಾಟ್ತಿದ್ರೆ ಆರ್‌ಆರ್ ಯೂನಿಟ್ (ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿ ಇಡೋ ರೆಗ್ಯುಲೇಟರ್) ಹೋಗಿದೆ, ಇಸಿಯು ನಿಜವಾಗಿಯೂ ಸುಡೋದು ಆಗ. ಹೆಚ್ಚಿನವರು ಮಾಡದ ಪರೀಕ್ಷೆ ಇನ್ನೊಂದಿದೆ. ಮೀಟರಿನ ಒಂದು ತುದಿ ಇಂಜಿನ್ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಇಟ್ಟು ಸೆಲ್ಫ್ ಒತ್ತಿ. 0.3 ವೋಲ್ಟ್‌ಗಿಂತ ಜಾಸ್ತಿ ತೋರಿಸಿದ್ರೆ ಅರ್ತಿಂಗ್ ಸರಿಯಿಲ್ಲ. ಆ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿಯಾಗಿ ಕೂರಿಸಿ. ಖರ್ಚು ಒಂದು ತುಂಡು ಸ್ಯಾಂಡ್ ಪೇಪರ್.

ಇನ್ನು ಕಪ್ಲರ್‌ಗಳು, ಅಂದ್ರೆ ವೈರುಗಳನ್ನ ಜೋಡಿಸೋ ಪ್ಲಗ್ಗುಗಳು. ಆರಿದ್ರೆ ಮಳೆ ಹಿಡಿದು ಆಶ್ಲೇಷದ ತನಕ ಗಾಳಿಯಲ್ಲೇ ನೀರಿರತ್ತೆ. ಕಪ್ಲರ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ: ಹಿತ್ತಾಳೆ ಬಣ್ಣ ಇರಬೇಕಾದ ಪಿನ್ ಮೇಲೆ ಹಸಿರು ಪುಡಿ, ಒಳಗಿನ ರಬ್ಬರ್ ಸೀಲ್ ಮಡಚಿ ಒಂದು ಮೂಲೆಗೆ ಸೇರಿರತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಸೀಲ್ ನೆಟ್ಟಗೆ ಕೂರಿಸಿ, ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟು ಹರಿಸದ, ನೀರು ತಡೆಯೋ ಗ್ರೀಸ್) ತೆಳ್ಳಗೆ ಸವರಿ. ಬೇರಿಂಗ್ ಗ್ರೀಸ್ ಬೇಡ. ಅಡಿಕೆ ಕೊಳೆರೋಗದ ಔಷಧಿ ಡ್ರಮ್ಮು ಕಟ್ಕೊಂಡು ತೋಟಕ್ಕೆ ಹೋಗೋ ಗಾಡಿಗಳಿಗಂತೂ ಇನ್ನೂ ಕಷ್ಟ. ಮೈಲುತುತ್ತದ ನೀರು ಕಬ್ಬಿಣ ಕಂಡಲ್ಲಿ ತಿನ್ನತ್ತೆ, ಸೀಟಿನ ಕೆಳಗೆ ಸೋರಿದ್ರೆ ರಿಲೇ, ಫ್ಯೂಸ್ ಬಾಕ್ಸ್ ಯಾವುದನ್ನೂ ಬಿಡಲ್ಲ. ವಾಟರ್ ಸರ್ವೀಸಿನವರಿಗೆ ಸೀಟ್ ಕೆಳಗೆ, ಥ್ರಾಟಲ್ ಬಾಡಿ (ಇಂಜಿನ್ನಿಗೆ ಹೋಗೋ ಗಾಳಿಯ ಬಾಗಿಲು) ಹತ್ರ ಪ್ರೆಶರ್ ಗನ್ ಹಿಡೀಬೇಡಿ ಅಂತ ಬಾಯಿಬಿಟ್ಟು ಹೇಳಿ. ಕೊಟ್ಟಿಗೆಯಲ್ಲಿ ನಿಲ್ಲಿಸೋರು ಇಲಿ ಕಡಿದ ವೈರನ್ನೂ ಹುಡುಕಿ. ಟೇಪ್ ಸುತ್ತಿದ್ರೆ ಸಾಲದು, ಬೆಸುಗೆ ಹಾಕಿ ಸ್ಲೀವ್ ಏರಿಸಬೇಕು.

ಈಗ ಪೆಟ್ರೋಲು. ಈ ಹಳೇ ಗಾಡಿಗಳು ಬಂದಾಗ ಬಂಕಲ್ಲಿ ಶೇಕಡಾ 20 ಎಥನಾಲ್ ಇರಲಿಲ್ಲ, ಈಗಿದೆ. ಎಥನಾಲ್ ನೀರನ್ನ ಎಳ್ಕೊಳ್ಳತ್ತೆ. ಸ್ವಲ್ಪ ನೀರಿದ್ರೆ ಪೆಟ್ರೋಲಲ್ಲಿ ಕರಗಿ, ಉರಿದು ಹೋಗತ್ತೆ. ಮಿತಿ ಮೀರಿತೋ, ನೀರು ಎಥನಾಲನ್ನೂ ಕರ್ಕೊಂಡು ಬೇರೆ ಪದರವಾಗಿ ಟ್ಯಾಂಕಿನ ತಳಕ್ಕೆ ಇಳಿಯತ್ತೆ. ಪಂಪ್ ಹೀರೋದು ಎಲ್ಲಿಂದ? ತಳದಿಂದಲೇ. ಅದಕ್ಕೇ ಟ್ಯಾಂಕ್ ತುಂಬ ಪೆಟ್ರೋಲ್ ಇದ್ರೂ ಗಾಡಿ ಸ್ಟಾರ್ಟ್ ಆಗಲ್ಲ. ಅನುಮಾನ ಇದ್ರೆ ತಳದಿಂದ ಅರ್ಧ ಲೀಟರ್ ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲುಗಾಡದಂಗೆ ಇಡಿ. ನಡುವೆ ಗೆರೆ ಕಂಡ್ರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗಿಸಬೇಕು. ಮೇಲಿಂದ ಹೊಸ ಪೆಟ್ರೋಲ್ ಸುರಿದ್ರೆ ಆ ಪದರ ತಳದಲ್ಲೇ ಕೂತಿರತ್ತೆ.

ನೀರು ಒಳಗೆ ಬರೋ ದಾರಿ ಮುಚ್ಚಳದ ರಬ್ಬರ್ ಮತ್ತು ಮುಚ್ಚಳದ ಸುತ್ತ ಇರೋ ಡ್ರೈನ್ ತೂತು. ಆ ತೂತಿನ ಪೈಪ್ ಕೆಸರು ಕಟ್ಟಿ ಮುಚ್ಚಿದ್ರೆ ಮಳೆ ನೀರು ಮುಚ್ಚಳದ ಸುತ್ತ ಬಟ್ಟಲಲ್ಲಿ ನಿಂತಂಗೆ ನಿಲ್ಲತ್ತೆ, ಮುಚ್ಚಳ ತೆಗೆದ ಕೂಡಲೇ ಒಳಗೆ. ವರ್ಷಕ್ಕೊಮ್ಮೆ ತೆಳು ನೈಲಾನ್ ದಾರ ತೂರಿಸಿ ಬಿಡಿಸಿ.

ಪಂಪ್ ಪೆಟ್ರೋಲಲ್ಲಿ ಮುಳುಗಿದ್ದಾಗ ಮಾತ್ರ ತಂಪಾಗಿರತ್ತೆ. ಯಾವಾಗಲೂ ರಿಸರ್ವಲ್ಲೇ ಓಡಿಸೋ ಅಭ್ಯಾಸ ಇದ್ರೆ ಅದರ ಆಯಸ್ಸು ನೀವೇ ಕಮ್ಮಿ ಮಾಡ್ತಿದೀರಿ. ಕೀ ಆನ್ ಮಾಡಿದಾಗ ಎರಡು-ಮೂರು ಸೆಕೆಂಡ್ ಝುಂಯ್ ಅನ್ನೋ ಸದ್ದು ಬರಬೇಕು. ಬರದಿದ್ರೆ ತಕ್ಷಣ ಪಂಪ್ ಕೊಳ್ಳೋಕೆ ಓಡಬೇಡಿ. ಕಿಲ್ ಸ್ವಿಚ್, ಫ್ಯೂಸ್, ರಿಲೇ ನೋಡಿ, ಆಮೇಲೆ ಪಂಪಿನ ಕಪ್ಲರಲ್ಲಿ ಆ ಎರಡು-ಮೂರು ಸೆಕೆಂಡು 12 ವೋಲ್ಟ್ ಬರತ್ತಾ ನೋಡಿ. ಗಾಡಿ ಮಗುಚಿ ಬಿದ್ದಿದ್ರೆ ಇನ್ನೂ ಸುಲಭ: ಬಿದ್ದದ್ದನ್ನ ಗುರುತಿಸೋ ಸೆನ್ಸರ್ ಇಂಜಿನ್ ಆಫ್ ಮಾಡಿರತ್ತೆ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ.

ಸದ್ದು ಬರತ್ತೆ, ಐಡ್ಲಿಂಗ್ ಚೆನ್ನಾಗಿದೆ, ಆದರೆ ಹಿಂದೊಬ್ಬರನ್ನ ಕೂರಿಸ್ಕೊಂಡು ಆಗುಂಬೆ ಘಾಟಿ ಹತ್ತುವಾಗ ಮಿಸ್ಸಿಂಗ್ ಹೊಡೀತದೆ ಅಂದ್ರೆ ಪೆಟ್ರೋಲಿನ ಪ್ರೆಶರ್ ಅಳೀಬೇಕು. ಹೆಚ್ಚಿನ ಗಾಡಿಗಳಲ್ಲಿ 2.5ರಿಂದ 3 ಬಾರ್, ನಿಮ್ಮದಕ್ಕೆ ಎಷ್ಟು ಅಂತ ಮ್ಯಾನುಯಲ್ಲಲ್ಲಿ ಇರತ್ತೆ. ಪಂಪ್ ಬಿಚ್ಚೋ ಮೊದಲು ಅದರ ಕಪ್ಲರ್ ತೆಗೆದು, ಇಂಜಿನ್ ತಾನೇ ನಿಲ್ಲೋವರೆಗೆ ಓಡಿಸಿ. ಇಲ್ಲದಿದ್ರೆ ಪೈಪ್ ಬಿಚ್ಚಿದ ಕೂಡಲೇ ಪೆಟ್ರೋಲ್ ಮುಖಕ್ಕೆ ಚಿಮ್ಮತ್ತೆ. ಹೊರಗೆ ತೆಗೆದ ಮೇಲೆ ಪಂಪ್ ಹೀರೋ ಬಾಯಿಯ ಜಾಲರಿ ನೋಡಿ. ಹೊಸದರಲ್ಲಿ ಬೆಳ್ಳಗಿದ್ದದ್ದು ಕಷಾಯ ಸೋಸಿದ ಬಟ್ಟೆ ತರ ಆಗಿದ್ರೆ ಪಂಪ್ ಸರಿಯಿರಬಹುದು, ಉಸಿರು ಕಟ್ಟಿದೆ ಅಷ್ಟೆ. ಜಾಲರಿ ಬದಲಿಸಿ, ಜೊತೆಗೆ ಪಂಪ್ ಕೂರೋ ಜಾಗದ ಗ್ಯಾಸ್ಕೆಟ್ ಹೊಸದು ಹಾಕಿ. ಹಳೇದೇ ಹಾಕಿ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಜಿನುಗಿಸೋದು ಯಾವ ಉಳಿತಾಯ?

ಇಂಜೆಕ್ಟರ್ ಬಗ್ಗೆ ಹೆಚ್ಚು ಹೇಳೋಕಿಲ್ಲ. ಪಿನ್ ಚುಚ್ಚಬೇಡಿ. ಶಿವಮೊಗ್ಗದಲ್ಲಿ ಅಲ್ಟ್ರಾಸಾನಿಕ್ ಮಷೀನ್ ಇರೋ ಗ್ಯಾರೇಜಿಗೆ ಕೊಟ್ಟು, ತೊಳೆದ ಮೇಲೆ ಸ್ಪ್ರೇ ಹೆಂಗೆ ಬೀಳತ್ತೆ ಅಂತ ಕಣ್ಣಾರೆ ನೋಡಿ, ಓ-ರಿಂಗ್ ಬದಲಿಸಿ. ಥ್ರಾಟಲ್ ಬಾಡಿ ಕಪ್ಪಾಗಿದ್ರೆ ಅದರದ್ದೇ ಕ್ಲೀನರ್ ಬಟ್ಟೆಗೆ ಹಾಕಿ ಒರೆಸಿ. ಬಣ್ಣ ಹಚ್ಚಿದ ಸ್ಕ್ರೂ ಮಾತ್ರ ಮುಟ್ಟಬೇಡಿ. ಐಡ್ಲಿಂಗ್ ಏರುಪೇರಾಗ್ತಿದ್ರೆ ಇಂಜಿನ್ನಿಗೂ ಥ್ರಾಟಲ್ ಬಾಡಿಗೂ ನಡುವಿನ ರಬ್ಬರ್ ಬಿರಿದಿದೆಯಾ ನೋಡಿ. ಆಕ್ಸಿಜನ್ ಸೆನ್ಸರ್ ಇರೋ ಗಾಡಿಯಲ್ಲಿ ಸೈಲೆನ್ಸರ್ ಗ್ಯಾಸ್ಕೆಟ್ ಸೋರಿದ್ರೂ ಮೈಲೇಜ್ ಬೀಳತ್ತೆ. ಹೊರಗಿನ ಗಾಳಿ ಒಳಗೆ ಹೋಗಿ, ಪೆಟ್ರೋಲ್ ಸಾಲ್ತಿಲ್ಲ ಅಂತ ಇಸಿಯು ತಪ್ಪು ತಿಳ್ಕೊಂಡು ಇನ್ನಷ್ಟು ಸುರಿಯತ್ತೆ.

ಸ್ಕ್ಯಾನರ್ ಇಲ್ಲ ಅಂತ ಗ್ಯಾರೇಜಿನವರು ಕೈ ಚೆಲ್ಲಿದ್ರೆ ಗಾಡಿಯ ಸ್ಪೀಡೋಮೀಟರಲ್ಲಿರೋ ಎಫ್‌ಐ ದೀಪ ಎಷ್ಟು ಸಲ ಮಿಣುಕತ್ತೆ ಅಂತ ಎಣಿಸಿ, ಅದೇ ತೊಂದರೆಯ ಕೋಡ್. ಹೋಂಡಾದ ಹಳೇ ಎಫ್‌ಐ ಗಾಡಿಗಳಲ್ಲಿ ಉದ್ದ ಮಿಣುಕು ಹತ್ತು, ಗಿಡ್ಡ ಮಿಣುಕು ಒಂದು. 8 ಬಂದ್ರೆ ಥ್ರಾಟಲ್ ಸೆನ್ಸರ್, 12 ಇಂಜೆಕ್ಟರ್. ಕೋಡ್ ತೋರಿಸೋದು ಯಾವ ದಾರಿಯಲ್ಲಿ ತೊಂದರೆ ಇದೆ ಅಂತ, ಆ ಪಾರ್ಟೇ ಸತ್ತಿದೆ ಅಂತಲ್ಲ. ಮೊದಲು ಆ ಕಪ್ಲರ್ ಬಿಚ್ಚಿ ಹಸಿರು ಪುಡಿ ಇದೆಯಾ ನೋಡಿ, ಪಾರ್ಟ್ ಆಮೇಲೆ ಕೊಳ್ಳಿ.

ಇಷ್ಟಾದ ಮೇಲೂ ಕಾರ್ಬೊರೇಟರ್ ಬೇಕೇ ಬೇಕು ಅನ್ನೋರಿಗೆ: ಎಷ್ಟೋ ಮಾಡೆಲ್‌ಗಳಲ್ಲಿ ಸ್ಪಾರ್ಕ್ ಕೊಡೋದೂ ಅದೇ ಇಸಿಯು, ಹಾಗಾಗಿ ಸಿಡಿಐ (ಸ್ಪಾರ್ಕ್ ಕೊಡೋ ಬೇರೆ ಯೂನಿಟ್), ವೈರಿಂಗ್ ಎಲ್ಲ ಬದಲಾಗತ್ತೆ. ಮುಳ್ಳಯ್ಯನಗಿರಿ 1930 ಮೀಟರ್, ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹೆಚ್ಚುಕಮ್ಮಿ ಐದನೇ ಒಂದು ಪಾಲು ಕಮ್ಮಿ. ಎಫ್‌ಐ ಅದನ್ನ ಅಳೆದು ಪೆಟ್ರೋಲ್ ತಾನೇ ಇಳಿಸತ್ತೆ, ಕಾರ್ಬೊರೇಟರ್ ಜೆಟ್ ಹಾಗೇ ಸುರೀತಾ ಇರತ್ತೆ. ಆದ್ರೂ ಹಾಕ್ಸೋದೇ ಆದ್ರೆ ಕಿತ್ತ ಪಂಪು, ಇಸಿಯು, ಥ್ರಾಟಲ್ ಬಾಡಿ, ವೈರಿಂಗ್ ಸೆಟ್ ಗುಜರಿಗೆ ಹಾಕಬೇಡಿ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಒಲೆ ಮೇಲಿನ ಅಟ್ಟದಂಥ ಒಣಜಾಗದಲ್ಲಿ ಇಡಿ. ಹಳೇ ಮಾಡೆಲ್ಲಿನ ಥ್ರಾಟಲ್ ಬಾಡಿ ಹುಡುಕ್ತಾ ಅಲೆಯೋರು ಇನ್ನೂ ಇದಾರೆ.