ಗಿರಾಕಿಯ ಅಭ್ಯಾಸಕ್ಕೆ ಎಷ್ಟು ಬೆಲೆ?

ಕೇಳುಗರಿಗೆ ನಮಸ್ಕಾರ.

2021ರ ಜುಲೈ 20ರಂದು ಅಮೆಜಾನ್ ಕಂಪನಿಯ ಸ್ಥಾಪಕ ಜೆಫ್ ಬೆಜೋಸ್ ತಮ್ಮದೇ ಇನ್ನೊಂದು ಕಂಪನಿಯ ರಾಕೆಟ್ ಏರಿ ಬಾಹ್ಯಾಕಾಶದ ಅಂಚನ್ನು ಮುಟ್ಟಿ ಬಂದರು. ಹತ್ತು ನಿಮಿಷದ ಆಸುಪಾಸಿನ ಪ್ರಯಾಣ. ಕೆಳಗಿಳಿದ ಮೇಲೆ ಪತ್ರಿಕಾಗೋಷ್ಠಿಯಲ್ಲಿ ಅಮೆಜಾನಿನ ನೌಕರರಿಗೂ ಗ್ರಾಹಕರಿಗೂ ಕೃತಜ್ಞತೆ ಹೇಳಿ, ಇದಕ್ಕೆಲ್ಲ ಹಣ ಕೊಟ್ಟವರು ನೀವೇ ಎಂದರು. ಅನೇಕರಿಗೆ ಆ ಮಾತು ಗಾಯದ ಮೇಲೆ ಬರೆ ಎಳೆದಂತಾಯಿತು. ನನಗೇನೋ ಅದು ವ್ಯಾಪಾರಸ್ಥರಿಗೆ ತಕ್ಕ ಮಾತೇ ಅನ್ನಿಸಿತು. ದುಡ್ಡು ತೆಗೆದುಕೊಂಡವರು ರಸೀದಿ ಕೊಡಬೇಕಾದದ್ದೇ.

ಆದರೆ ಆ ರಸೀದಿಯಲ್ಲಿ ಬರೆದದ್ದು ಸರಿಯೇ? ನಾವು ಕೊಂಡ ಪುಸ್ತಕ, ಚಾರ್ಜರ್, ಚಪ್ಪಲಿಗಳ ಲಾಭವೇ ಕೂಡುತ್ತ ಕೂಡುತ್ತ ರಾಕೆಟ್ ಆಯಿತೇ? ಲೆಕ್ಕ ಅಷ್ಟು ನೇರವಾಗಿಲ್ಲ. ಇಂಥವರ ಸಂಪತ್ತು ಗಲ್ಲಾಪೆಟ್ಟಿಗೆಯಲ್ಲಿ ಇರುವುದಿಲ್ಲ, ಷೇರುಗಳಲ್ಲಿ ಇರುತ್ತದೆ. 2021ರಲ್ಲಿ ಅಮೆಜಾನಿನ ಮಾರಾಟ ಸುಮಾರು 47,000 ಕೋಟಿ ಡಾಲರ್. ಮರುವರ್ಷ ಅದು ಸುಮಾರು 51,400 ಕೋಟಿಗೆ ಏರಿತು. ಗಿರಾಕಿಗಳು ಹೆಚ್ಚೇ ಖರ್ಚು ಮಾಡಿದರು. ಆದರೂ ಆ 2022ರಲ್ಲೇ ಕಂಪನಿಯ ಷೇರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದು, ಅದರೊಂದಿಗೆ ಸ್ಥಾಪಕರ ಸಂಪತ್ತೂ ಕರಗಿತು. ಮಾರಾಟ ಮೇಲಕ್ಕೆ, ಸಂಪತ್ತು ಕೆಳಕ್ಕೆ! ಷೇರುಪೇಟೆ ಬೆಲೆ ಕಟ್ಟುವುದು ಇವತ್ತಿನ ವ್ಯಾಪಾರಕ್ಕಲ್ಲ. ಇನ್ನು ಹತ್ತು ವರ್ಷ, ಇಪ್ಪತ್ತು ವರ್ಷ ನಾವು ಇದೇ ಬಾಗಿಲಿಗೆ ಬರುತ್ತೇವೆ, ಬಂದಾಗ ನಮ್ಮಿಂದ ಇಷ್ಟು ಹುಟ್ಟುತ್ತದೆ ಎಂಬ ಖಾತರಿಗೆ ಅದು ಬೆಲೆ ಕಟ್ಟುತ್ತದೆ. ಆ ಖಾತರಿ ಕೊಂಚ ಅಲುಗಿದರೂ ಸಾಕು, ಷೇರು ನಡುಗುತ್ತದೆ. ನಾವು ಆ ದೊಡ್ಡ ಮನುಷ್ಯರಿಗೆ ಕೊಟ್ಟದ್ದು ಹಣಕ್ಕಿಂತ ಹೆಚ್ಚಾಗಿ ನಮ್ಮ ಅಭ್ಯಾಸವನ್ನು. ನನ್ನ ಇವತ್ತಿನ ಮಾತೆಲ್ಲ ಈ ಅಭ್ಯಾಸದ ಸುತ್ತಲೇ.

ಅಭ್ಯಾಸವನ್ನು ಕಟ್ಟಿದ್ದು ಹೇಗೆ ಎಂದು ನೋಡಿದರೆ ಅವರ ತಾಳ್ಮೆಗೆ ತಲೆದೂಗಬೇಕು. ಕಂಪನಿ ಶುರುವಾದದ್ದು 1994ರಲ್ಲಿ. ಇಡೀ ವರ್ಷದ ಲೆಕ್ಕದಲ್ಲಿ ಮೊದಲ ಬಾರಿಗೆ ಲಾಭ ಕಂಡದ್ದು 2003ರಲ್ಲಿ. ಅಷ್ಟು ವರ್ಷ ನಷ್ಟ ತಡೆದುಕೊಳ್ಳುವ ಶಕ್ತಿ ಬೀದಿಯ ಅಂಗಡಿಯವನಿಗೆ ಎಲ್ಲಿಂದ ಬರಬೇಕು? ಅವನಿಗೆ ಎರಡು ತಿಂಗಳ ಬಾಡಿಗೆ ಬಾಕಿ ಬಿದ್ದರೆ ಮೂರನೆಯ ತಿಂಗಳು ಕದ ಮುಚ್ಚುತ್ತದೆ. ಇನ್ನು ಗಿರಾಕಿಯ ಕಡೆ ನೋಡಿ. ಒಂದೇ ಗುಂಡಿ ಒತ್ತಿ ಖರೀದಿ ಮುಗಿಸುವ ವಿಧಾನಕ್ಕೆ 1999ರಲ್ಲಿ ಅವರಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಗುಂಡಿ ಒತ್ತುವುದಕ್ಕೂ ಪೇಟೆಂಟೇ ಎಂದು ಆಗ ನಕ್ಕವರಿದ್ದರು. ಅದು ನಗುವ ವಿಷಯವಾಗಿರಲಿಲ್ಲ. ವಿಳಾಸ ಬರೆಯುವಾಗ, ಕಾರ್ಡಿನ ಸಂಖ್ಯೆ ತುಂಬಿಸುವಾಗ ನಮಗೆ ಒಂದು ನಿಮಿಷ ಸಿಗುತ್ತದೆ. ಇದು ನಿಜವಾಗಿ ಬೇಕೇ ಎಂಬ ಪ್ರಶ್ನೆ ಹುಟ್ಟುವುದು ಆ ನಿಮಿಷದಲ್ಲೇ. ಅದನ್ನೇ ತೆಗೆದುಹಾಕಿದರು. 2005ರಲ್ಲಿ ವಾರ್ಷಿಕ ಚಂದಾ ಪಡೆದು ಬೇಗ ತಲುಪಿಸುವ ಯೋಜನೆ ಬಂತು. ಚಂದಾ ಕಟ್ಟಿದವರು ಕಟ್ಟಿದ್ದು ವಸೂಲಾಗಲಿ ಎಂದು ಇನ್ನಷ್ಟು ಕೊಳ್ಳುತ್ತಾರೆ. ಬೇರೆ ಅಂಗಡಿಗೆ ಹೋಗುವುದು ಆಗ ನಷ್ಟದ ಬಾಬ್ತು ಅನ್ನಿಸತೊಡಗುತ್ತದೆ.

ಎದುರಾಳಿ ಬಲವಾಗಿದ್ದರೆ ಇನ್ನೊಂದು ದಾರಿ. ಅಮೆರಿಕದಲ್ಲಿ ಮಕ್ಕಳ ಡೈಪರ್ ಮಾರಿಯೇ ಹೆಸರು ಮಾಡಿದ್ದ ಜಾಲತಾಣವೊಂದಿತ್ತು. ಅಮೆಜಾನ್ ಡೈಪರ್ ಬೆಲೆಯನ್ನು ಇಳಿಸುತ್ತ ಹೋಯಿತು. 2010ರಲ್ಲಿ ಆ ಜಾಲತಾಣದ ಕಂಪನಿಯನ್ನೇ ಕೊಂಡಿತು. 2017ರಲ್ಲಿ ಮುಚ್ಚಿತು. ಅಷ್ಟೇ ಕಥೆ.

ಈಗ ಅಮೆಜಾನಿನ ವೇದಿಕೆಯಲ್ಲೇ ತನ್ನ ಸರಕು ಮಾರುವ ಸಣ್ಣ ವ್ಯಾಪಾರಿಯ ಜಾಗದಲ್ಲಿ ನಿಂತು ನೋಡಿ. ಪ್ರತಿ ಮಾರಾಟಕ್ಕೂ ಕಮಿಷನ್. ಅವರ ಗೋದಾಮಿನಲ್ಲಿ ದಾಸ್ತಾನು ಇಡಲು ಶುಲ್ಕ, ಕಟ್ಟಿ ಕಳಿಸಲು ಶುಲ್ಕ. ಇಷ್ಟೆಲ್ಲ ಕೊಟ್ಟರೂ ಹುಡುಕಿದವರ ಕಣ್ಣಿಗೆ ಮೊದಲ ಪುಟದಲ್ಲಿ ಬೀಳಬೇಕೆಂದರೆ ಜಾಹೀರಾತಿನ ಹಣ ಬೇರೆ. 2023ರ ಸೆಪ್ಟೆಂಬರ್‌ನಲ್ಲಿ ವ್ಯಾಪಾರದ ಪೈಪೋಟಿ ನ್ಯಾಯವಾಗಿರುವಂತೆ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 17 ರಾಜ್ಯಗಳ ಜೊತೆಗೂಡಿ ಹೂಡಿದ ದಾವೆಯಲ್ಲಿ, ಈ ಬಾಬ್ತುಗಳೆಲ್ಲ ಸೇರಿ ಅನೇಕ ವ್ಯಾಪಾರಿಗಳ ಆದಾಯದ ಅರ್ಧದಷ್ಟು ಅಲ್ಲಿಗೇ ಹೋಗುತ್ತದೆ ಎಂಬ ಆರೋಪವಿದೆ. ಬೇರೆಡೆ ಕಡಿಮೆ ಬೆಲೆಗೆ ಮಾರಿದವರ ಸರಕನ್ನು ಕಣ್ಣಿಗೆ ಕಾಣದಂತೆ ಹಿಂದಕ್ಕೆ ತಳ್ಳಲಾಗುತ್ತದೆ ಎಂಬುದು ಇನ್ನೊಂದು ಆರೋಪ. ಕಂಪನಿ ಇವನ್ನು ಅಲ್ಲಗಳೆದಿದೆ, ತೀರ್ಮಾನ ನ್ಯಾಯಾಲಯದ್ದು. ಆದರೆ ಆರೋಪದ ಒಳಗಿನ ತರ್ಕವನ್ನು ಸ್ವಲ್ಪ ಬಿಡಿಸಬೇಕು. ಅಲ್ಲಿ ಅರ್ಧ ಬಿಟ್ಟುಕೊಡಬೇಕಾದವನು ಬೆಲೆ ಏರಿಸಲೇಬೇಕು. ಬೇರೆಡೆ ಅಗ್ಗವಾಗಿ ಮಾರಿದರೆ ಅಲ್ಲಿ ಶಿಕ್ಷೆ ಎಂದಾದರೆ, ತನ್ನ ಸ್ವಂತ ಮಳಿಗೆಯಲ್ಲೂ ಏರಿಸಬೇಕು. ಹಾಗಾದರೆ ಆ ವೇದಿಕೆಯ ಕಡೆ ತಲೆ ಹಾಕಿಯೂ ಮಲಗದ ಗಿರಾಕಿಯೂ ಅದರ ಶುಲ್ಕ ತೆರುತ್ತಿದ್ದಾನೆ ಎಂದಾಯಿತು. ಅಗ್ಗ ಎಂಬ ಹೆಸರಿನಲ್ಲಿ ಎಲ್ಲರಿಗೂ ತುಟ್ಟಿ!

ಊರಿನ ಅಂಗಡಿಗೆ ಕೊಟ್ಟ ಹಣ ಊರಲ್ಲೇ ಉಳಿಯುತ್ತದೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಎಷ್ಟು ಉಳಿಯುತ್ತದೆ? ಅಮೆರಿಕದ ಆಸ್ಟಿನ್ ನಗರದಲ್ಲಿ 2002ರಲ್ಲಿ ಇದನ್ನು ಲೆಕ್ಕ ಹಾಕಿದರು. ಅಲ್ಲಿನ ಒಂದು ಪುಸ್ತಕದಂಗಡಿ ಮತ್ತು ಒಂದು ಸಂಗೀತದಂಗಡಿಯ ಬದಿಗೆ ಬಾರ್ಡರ್ಸ್ ಎಂಬ ಸರಣಿ ಮಳಿಗೆ ತಲೆ ಎತ್ತುವುದರಲ್ಲಿತ್ತು. ಗಿರಾಕಿ ಕೊಟ್ಟ 100 ಡಾಲರಿನಲ್ಲಿ ಸ್ಥಳೀಯ ಅಂಗಡಿಗಳ ಮೂಲಕ 45 ಡಾಲರ್ ನಗರದ ಒಳಗೇ ಸುತ್ತುತ್ತದೆ, ಸರಣಿ ಮಳಿಗೆಯ ಮೂಲಕವಾದರೆ 13 ಎಂದು ಲೆಕ್ಕ ಬಂತು. ಅದು ಒಂದು ನಗರದ, ಒಂದು ಬಗೆಯ ವ್ಯಾಪಾರದ ಲೆಕ್ಕ. ಎಲ್ಲ ಕಡೆ ಹೊಂದಿಸಲು ಬಾರದು. ಆದರೂ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ಎಲ್ಲರಿಗೂ ಪಾಠ. ಎರಡು ಕಡೆಯೂ ಮಾರುತ್ತಿದ್ದದ್ದು ಹೊರಗಿನಿಂದ ಬಂದ ಅವೇ ಪುಸ್ತಕಗಳನ್ನು. ಆದರೆ ಊರಿನ ಅಂಗಡಿಯ ಲೆಕ್ಕ ಬರೆಯುವವರು, ಫಲಕ ಬರೆಯುವವರು, ಜಾಹೀರಾತು ಅಚ್ಚು ಹಾಕುವವರು, ಯಾವ ಸರಕು ತರಿಸಬೇಕೆಂದು ತೀರ್ಮಾನಿಸುವವರು ಊರಿನವರೇ. ಲಾಭ ಉಂಡ ಮಾಲೀಕನೂ ಊರಿನವನೇ. ಸರಣಿ ಮಳಿಗೆಯಲ್ಲಿ ಈ ಕೆಲಸಗಳೆಲ್ಲ ದೂರದ ಕೇಂದ್ರ ಕಚೇರಿಯಲ್ಲಿ ನಡೆಯುತ್ತವೆ. ಊರಿಗೆ ಉಳಿಯುವುದು ಮುಖ್ಯವಾಗಿ ಕಟ್ಟೆಯ ಹಿಂದೆ ನಿಂತವರ ಸಂಬಳ. ಬಾರ್ಡರ್ಸ್ ಕಂಪನಿ 2011ರಲ್ಲಿ ದಿವಾಳಿಯಾಗಿ ತನ್ನ ಮಳಿಗೆಗಳನ್ನೆಲ್ಲ ಮುಚ್ಚಿತೆಂಬುದು ಬೇರೆ ಮಾತು.

ಇಷ್ಟು ಹೇಳಿದೆನೆಂದು ಸಣ್ಣ ಅಂಗಡಿಯವರಿಗೆಲ್ಲ ಆರತಿ ಎತ್ತಲು ನಾನು ತಯಾರಿಲ್ಲ. ತೂಕದಲ್ಲಿ ಕೈಚಳಕ ತೋರುವವರು, ಕೆಲಸದ ಹುಡುಗರಿಗೆ ಸರಿಯಾಗಿ ಸಂಬಳ ಕೊಡದವರು, ಬಿಲ್ ಕೇಳಿದರೆ ಮುಖ ಗಂಟಿಕ್ಕುವವರು ಅವರಲ್ಲೂ ಇದ್ದಾರೆ. ಚರಿತ್ರೆಯೂ ಇದನ್ನೇ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೂಲಿಯನ್ನು ಹಣದ ಬದಲು ಸರಕಿನಲ್ಲೋ, ಮಾಲೀಕನದೇ ಅಂಗಡಿಯಲ್ಲಿ ಮಾತ್ರ ನಡೆಯುವ ಚೀಟಿಯಲ್ಲೋ ಕೊಡುವ ಪದ್ಧತಿಯಿತ್ತು. 1831ರಲ್ಲಿ ಅದರ ವಿರುದ್ಧ ಕಾಯಿದೆ ತರಬೇಕಾಯಿತು. ಆ ಅಂಗಡಿ ಊರಲ್ಲೇ ಇತ್ತು, ಹೆಜ್ಜೆ ದೂರದಲ್ಲಿತ್ತು. ದೋಷವಿದ್ದದ್ದು ಇನ್ನೊಂದು ಅಂಗಡಿಗೆ ಹೋಗಲು ದಾರಿ ಇಲ್ಲದ್ದರಲ್ಲಿ. ಕಲಬೆರಕೆಯಿಂದಲೂ ಬೆಲೆಯಿಂದಲೂ ಬೇಸತ್ತ ರೋಚ್‌ಡೇಲ್ ಊರಿನ ನೇಕಾರರು ಮತ್ತು ಇತರ ಕಸಬುದಾರರು, ಮೊದಲಿಗೆ 28 ಮಂದಿ, ತಲಾ ಒಂದು ಪೌಂಡ್ ಕೂಡಿಸಿ 1844ರ ಡಿಸೆಂಬರ್ 21ರಂದು ತಮ್ಮದೇ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಮೇಣದ ಬತ್ತಿ. ಆರಂಭದ ಸರಕು ಇಷ್ಟೇ. ಲಾಭವನ್ನು ಹಂಚಿದ್ದು ಹೂಡಿದ ಬಂಡವಾಳದ ಪ್ರಮಾಣದಲ್ಲಲ್ಲ, ಕೊಂಡ ಸರಕಿನ ಪ್ರಮಾಣದಲ್ಲಿ. ಗಿರಾಕಿಯ ನಿಷ್ಠೆಗೆ ಬೆಲೆ ಇದೆ ಎಂದಾದರೆ ಆ ಬೆಲೆ ಗಿರಾಕಿಗೇ ಸಲ್ಲಲಿ ಎಂಬ ಲೆಕ್ಕಾಚಾರ. ಜಗತ್ತಿನ ಸಹಕಾರ ಸಂಘಗಳು ಇಂದಿಗೂ ಅವರ ನಿಯಮಗಳನ್ನು ನೆನೆಯುತ್ತವೆ.

ಇನ್ನೊಂದು ಮಾತು. ತಿಂಗಳ ಕೊನೆಯ ವಾರದಲ್ಲಿ ನಾಣ್ಯ ಎಣಿಸುವವರಿಗೆ, ನೀವು ಅಗ್ಗದ ಕಡೆ ಹೋಗಬೇಡಿ ಎಂದು ಉಪದೇಶ ಮಾಡುವುದು ಉಳ್ಳವರ ದರ್ಪ. ಅವರನ್ನು ಬಿಟ್ಟುಬಿಡೋಣ. ನಾನು ಹೇಳುತ್ತಿರುವುದು ನಾಲ್ಕು ಕಾಸು ಹೆಚ್ಚು ಕೊಡಬಲ್ಲವರಿಗೆ, ಹೆಚ್ಚು ಕೊಡಬೇಕಾಗಿಲ್ಲದಾಗಲೂ ಸೋಮಾರಿತನದಿಂದ ಗುಂಡಿ ಒತ್ತುವವರಿಗೆ. ಹಾಗೆಯೇ ದೊಡ್ಡ ಕಂಪನಿಯನ್ನು ಪೂರ್ತಿ ಬಹಿಷ್ಕರಿಸುತ್ತೇನೆ ಎಂದು ಪಣ ತೊಡುವವರಿಗೂ ಒಂದು ಕಿವಿಮಾತು. ಅಮೆಜಾನಿನ 2023ರ ಕಾರ್ಯಾಚರಣೆ ಲಾಭದಲ್ಲಿ ಮೂರರಲ್ಲಿ ಎರಡು ಪಾಲು ಬಂದದ್ದು ಅಂಗಡಿಯಿಂದಲ್ಲ, ಇತರ ಕಂಪನಿಗಳಿಗೆ ಬಾಡಿಗೆಗೆ ಕೊಡುವ ಕಂಪ್ಯೂಟರ್ ಸೇವೆಯಿಂದ. ನೀವು ಹಟದಿಂದ ಬೇರೆ ಜಾಲತಾಣಕ್ಕೆ ಹೋದರೂ ಆ ಜಾಲತಾಣ ಓಡುತ್ತಿರುವುದು ಅವರ ಯಂತ್ರಗಳ ಮೇಲೆಯೇ ಇರಬಹುದು. ಸಣ್ಣ ವ್ಯಾಪಾರಿಗಳನ್ನು ಬೆಂಬಲಿಸಿ ಎಂಬ ಅಭಿಯಾನಗಳ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ 2010ರಿಂದ ನಡೆಯುತ್ತಿರುವ ಸಣ್ಣ ವ್ಯಾಪಾರಿಗಳ ಶನಿವಾರವನ್ನು ಶುರು ಮಾಡಿದ್ದು ಅಮೆರಿಕನ್ ಎಕ್ಸ್‌ಪ್ರೆಸ್, ಅಂದರೆ ಕಾರ್ಡ್ ಉಜ್ಜಿದಾಗಲೆಲ್ಲ ಅದೇ ವ್ಯಾಪಾರಿಯಿಂದ ಶುಲ್ಕ ಪಡೆಯುವ ಭಾರೀ ಕಂಪನಿ!

ಹಾಗಾದರೆ ಗಿರಾಕಿಯ ಕೈಯಲ್ಲಿ ಏನೂ ಇಲ್ಲವೇ? ಇದೆ, ಆದರೆ ಒಂಟಿಯಾಗಿ ಅಲ್ಲ. 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ಬ್ರಿಟನ್ನಿನ ಸಂಸತ್ತು ತಳ್ಳಿಹಾಕಿದಾಗ, ಅಲ್ಲಿನ ಎಷ್ಟೋ ಮನೆಗಳು ಗುಲಾಮರ ದುಡಿಮೆಯ ಸಕ್ಕರೆಯನ್ನೇ ಬಿಟ್ಟವು. ಸಕ್ಕರೆ ಬಿಟ್ಟ ಮಾತ್ರಕ್ಕೆ ಗುಲಾಮರ ವ್ಯಾಪಾರ ನಿಲ್ಲಲಿಲ್ಲ. ಅದಕ್ಕೆ 1807ರ ಕಾಯಿದೆಯೇ ಬೇಕಾಯಿತು. ಆದರೆ ವಿಷಯ ಸಂಸತ್ತಿನ ಕೋಣೆಯಿಂದ ಮನೆಯ ಊಟದ ಮೇಜಿಗೆ ಬಂದಿತ್ತು.

ಕಾಯಿದೆ ಏನು ಮಾಡಬಲ್ಲದು ಎಂಬುದಕ್ಕೆ ಫ್ರಾನ್ಸಿನ ಪುಸ್ತಕ ವ್ಯಾಪಾರ ಒಳ್ಳೆಯ ಉದಾಹರಣೆ. 1981ರ ಕಾನೂನಿನಂತೆ ಅಲ್ಲಿ ಹೊಸ ಪುಸ್ತಕದ ಬೆಲೆ ನಿಗದಿ ಮಾಡುವವರು ಪ್ರಕಾಶಕರು. ಯಾವ ಅಂಗಡಿಯೂ ಶೇಕಡಾ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. ಬೆಲೆಯಲ್ಲಿ ಹೊಡೆದಾಟವಿಲ್ಲ, ಯಾರು ಒಳ್ಳೆಯ ಪುಸ್ತಕ ಇಟ್ಟಿದ್ದಾರೆ, ಯಾರಿಗೆ ಪುಸ್ತಕದ ಬಗ್ಗೆ ಗೊತ್ತು ಎಂಬುದರಲ್ಲಿ ಪೈಪೋಟಿ. ಆನ್‌ಲೈನ್ ವ್ಯಾಪಾರ ಬಂದಾಗ ರಿಯಾಯಿತಿಯ ಜೊತೆಗೆ ಉಚಿತವಾಗಿ ಮನೆಗೆ ತಲುಪಿಸುವುದೂ ಬಂತು. 2014ರಲ್ಲಿ ಎರಡನ್ನೂ ಒಟ್ಟಿಗೆ ಕೊಡುವುದನ್ನು ನಿಷೇಧಿಸಿದರು. ಅಮೆಜಾನ್ ಏನು ಮಾಡಿತು ಗೊತ್ತೇ? ತಲುಪಿಸುವ ಶುಲ್ಕ ಒಂದು ಸೆಂಟ್ ಎಂದಿತು, ಅಂದರೆ ಒಂದು ಯೂರೋದ ನೂರನೆಯ ಒಂದು ಪಾಲು. ಕಾನೂನಿನ ಅಕ್ಷರ ಪಾಲಿಸಿದ್ದಾಯಿತು! ಸರ್ಕಾರವೂ ಬಿಡಲಿಲ್ಲ. 2023ರ ಅಕ್ಟೋಬರ್‌ನಿಂದ ಒಟ್ಟು 35 ಯೂರೋಗಿಂತ ಕಡಿಮೆ ಮೊತ್ತದ ಪುಸ್ತಕಗಳನ್ನು ತರಿಸಿಕೊಂಡರೆ ತಲುಪಿಸಲು ಕನಿಷ್ಠ 3 ಯೂರೋ ಶುಲ್ಕ ಹಾಕಲೇಬೇಕು ಎಂಬ ನಿಯಮ ಬಂತು. ಈ ಹಗ್ಗಜಗ್ಗಾಟ ಇಲ್ಲಿಗೆ ಮುಗಿಯುತ್ತದೆಂದು ನಾನು ನಂಬುವುದಿಲ್ಲ.

ಮನೆಮಂದಿಯ ಖರೀದಿಯ ಬಗ್ಗೆಯೇ ಇಷ್ಟೆಲ್ಲ ಮಾತಾಡುವಾಗ ನಾವು ಮರೆಯುವ ಗಿರಾಕಿಯೊಂದಿದೆ: ಆಸ್ಪತ್ರೆ, ಕಾಲೇಜು, ನಗರಸಭೆ. ಇಂಗ್ಲೆಂಡಿನ ಪ್ರೆಸ್ಟನ್ ನಗರದಲ್ಲಿ ಇಂಥ ದೊಡ್ಡ ಸಂಸ್ಥೆಗಳ ಖರೀದಿಯನ್ನು ಪರಿಶೀಲಿಸಿದಾಗ, 2012-13ರಲ್ಲಿ ಅದರ ಶೇಕಡಾ 5ರಷ್ಟು ಮಾತ್ರ ಆ ನಗರದ ವ್ಯಾಪಾರಿಗಳಿಗೆ ಹೋಗುತ್ತಿತ್ತು. 2016-17ರ ಹೊತ್ತಿಗೆ ಅದು ಶೇಕಡಾ 18 ದಾಟಿತು. ಯಾರೂ ಯಾರ ಮೇಲೂ ಕರುಣೆ ತೋರಬೇಕಾಗಿರಲಿಲ್ಲ. ದೊಡ್ಡ ಗುತ್ತಿಗೆಗಳಿಗೆ ಅರ್ಜಿ ಹಾಕುವುದಕ್ಕೇ ಸಣ್ಣವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಶಾಲಾ ಊಟದ ಒಂದೇ ದೊಡ್ಡ ಗುತ್ತಿಗೆಯನ್ನು ಮೊಟ್ಟೆ ಬೇರೆ, ಹಾಲು ಬೇರೆ, ಮೊಸರು ಬೇರೆ ಎಂದು ಒಡೆದು ಕರೆದರು. ನಿಮ್ಮ ಕಚೇರಿಯ, ಸಂಘದ, ಶಾಲೆಯ ಖರೀದಿ ಸಮಿತಿಯಲ್ಲಿ ನೀವಿದ್ದರೆ, ಮುಂದಿನ ಸಭೆಯಲ್ಲಿ ಟೆಂಡರ್ ಕಡತ ಮೇಜಿಗೆ ಬಂದಾಗ ಇದನ್ನು ಎಷ್ಟು ತುಂಡು ಮಾಡಬಹುದು ಎಂದು ಕೇಳಿ ನೋಡಿ. ನಮಸ್ಕಾರ.