ಚೆಂದದ ಮುಖ ಅಷ್ಟೇನಾ? ಸುಲೋಚನಾ ಬಗ್ಗೆ ಒಂದಿಷ್ಟು ಮಾತು

ನಮಸ್ಕಾರ. ಕಳೆದ ವಾರದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: ‘ಮೂಕಿ ಕಾಲದ ನಟಿಯರಿಗೆ ನಟನೆ ಎಲ್ಲಿತ್ತು? ಚೆಂದದ ಮುಖ ಇತ್ತು, ಅಷ್ಟೆ. ಮಾತು ಬಂತು, ಗಂಟುಮೂಟೆ ಕಟ್ಟಿದರು.’ ಅದಕ್ಕೆ ಲೈಕುಗಳು ಬೇರೆ! ಓದಿ ಮೈಯೆಲ್ಲ ಉರಿಯಿತು.

ಮಾತಿಲ್ಲದ ಮೂಕಿ ಚಿತ್ರಗಳ ತಾರೆ ಸುಲೋಚನಾ ಅವರನ್ನೇ ತಗೊಳ್ಳಿ. ನಿಜವಾದ ಹೆಸರು ರೂಬಿ ಮೈಯರ್ಸ್. 1907ರಲ್ಲಿ ಪುಣೆಯಲ್ಲಿ, ಬಾಗ್ದಾದ್ ಕಡೆಯ ಮೂಲದ ಯಹೂದಿ ಮನೆಯಲ್ಲಿ ಹುಟ್ಟಿದವರು. ಟೆಲಿಫೋನ್ ಆಪರೇಟರ್ ಆಗಿದ್ದರು. ಕೊಹಿನೂರ್ ಫಿಲ್ಮ್ ಕಂಪನಿಯ ನಿರ್ದೇಶಕ ಮೋಹನ್ ಭವನಾನಿ ಸಿನಿಮಾಕ್ಕೆ ಕರೆದಾಗ ಮೊದಲು ಒಲ್ಲೆ ಎಂದರು. ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ನಿಲ್ಲಬಾರದು ಅನ್ನುತ್ತಿದ್ದ ಕಾಲ. ಭವನಾನಿ ಬಿಡಲಿಲ್ಲ, ಇವರು ಒಪ್ಪಿದರು. ನಟನೆಯ ಗಂಧಗಾಳಿ ಇರಲಿಲ್ಲ. ಕಲಿತರು.

1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಒಬ್ಬರದೇ ಎಂಟು ಪಾತ್ರ. ಮಾಲಿ, ಪೊಲೀಸ್, ಬೀದಿ ಪೋರ, ಬಾಳೆಹಣ್ಣು ಮಾರುವವಳು, ಹೈದರಾಬಾದಿನ ಸಾಹೇಬ, ಹೊಂಗೂದಲಿನ ಬಿಳಿ ಹೆಂಗಸು, ಹೀಗೆ. ಡೈಲಾಗಿನ ಆಸರೆ ಇಲ್ಲ. ದನಿ ದಪ್ಪ ಮಾಡಿ ಗಂಡಸು ಅಂತ ನಂಬಿಸೋ ಹಾಗಿಲ್ಲ. ನಡಿಗೆ, ಭುಜ, ಕೈ, ಕಣ್ಣು, ಇಷ್ಟರಲ್ಲೇ ಎಂಟು ಜನ ಆಗಬೇಕು. ಬರೀ ಮುಖ ಇಟ್ಕೊಂಡು ಮಾಡಿ ನೋಡೋಣ, ಸ್ವಾಮಿ!

ಅಂದ ಹಾಗೆ, ಹಳೇ ಸಿನಿಮಾ ಇಷ್ಟಪಡೋರು ಬೆಲ್ ಒತ್ತಿಬಿಡಿ.

1931ರಲ್ಲಿ ನಮ್ಮ ದೇಶದ ಮೊದಲ ಟಾಕಿ, ಅಂದರೆ ಮಾತಿನ ಚಿತ್ರ, ‘ಆಲಂ ಆರಾ’ ಬಂತು. ಪರದೆ ಮಾತಾಡತೊಡಗಿತು. ಇವರಿಗೆ ಹಿಂದೂಸ್ತಾನಿ ಸರಿಯಾಗಿ ಬರುತ್ತಿರಲಿಲ್ಲ, ಒಪ್ಪಿದೆ. ಆಮೇಲೇನಾಯಿತು? ನಟನೆಗೆ ಬಿಡುವು ಕೊಟ್ಟು ಭಾಷೆ ಕಲಿತರು. 1932ರಲ್ಲಿ, ಮೂಕಿಯಾಗಿ ಗೆದ್ದಿದ್ದ ತಮ್ಮದೇ ‘ಮಾಧುರಿ’ಯ ಟಾಕಿಯೊಂದಿಗೆ ವಾಪಸ್ ಬಂದರು. ಮೂಕಿಯಲ್ಲಿ ‘ಇಂದಿರಾ ಬಿ.ಎ.’, 1934ರ ಟಾಕಿಯಲ್ಲಿ ‘ಇಂದಿರಾ ಎಂ.ಎ.’ ಮಾತು ಬಂದ ಮೇಲೆ ಡಿಗ್ರಿ ಜಾಸ್ತಿಯೇ ಆಯಿತಲ್ರೀ!

‘ಕೊನೆಗೆ ಚಿಕ್ಕ ಪಾತ್ರಕ್ಕೆ ಇಳಿದರಲ್ಲ’ ಅಂತೀರಿ. ಇಳಿಯೋದೇನು ಬಂತು? 1928ರ ಮೂಕಿಯಲ್ಲಿ ಅನಾರ್ಕಲಿ. 1935ರ ಟಾಕಿಯಲ್ಲೂ ಅನಾರ್ಕಲಿ. 1953ರಲ್ಲಿ ಅದೇ ಕಥೆ ಮತ್ತೆ ತೆರೆಗೆ ಬಂದಾಗ ಅನಾರ್ಕಲಿಯ ಪ್ರಿಯಕರ ಸಲೀಮನ ತಾಯಿ. ತಾನು ಮೆರೆದ ಪಾತ್ರದಲ್ಲಿ ಇನ್ನೊಬ್ಬಳು ಮೆರೆಯುವಾಗ ಪಕ್ಕದಲ್ಲಿ ನಿಂತು ನಟಿಸೋಕೆ ಎದೆಗಾರಿಕೆ ಬೇಕು. ಸಿನಿಮಾದವರಿಗೆ ಸಿಗುವ ದೊಡ್ಡ ಗೌರವ, 1973ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. 1975ರ ‘ಜೂಲಿ’ಯಲ್ಲೂ ಇದ್ದರು. ಗಂಟುಮೂಟೆ ಕಟ್ಟಿದ್ದು ಯಾವಾಗ, ಹೇಳಿ!

ಇನ್ನೊಂದು ವಿಷಯ. ಆ ಕಾಲದ ಬಹುಪಾಲು ಮೂಕಿ ಚಿತ್ರಗಳ ಪ್ರಿಂಟೇ ಉಳಿದಿಲ್ಲ. ಹಾಗಾದರೆ ನೀವು ಯಾವ ಸಿನಿಮಾ ನೋಡಿ ನಟನೆ ಇರಲಿಲ್ಲ ಅಂದಿರಿ? ನೋಡದೆಯೇ ತೀರ್ಪು! ಕಲಿತರು ಕಣ್ರೀ. ಮಾತಿಲ್ಲದೆ ನಟಿಸೋದನ್ನೂ ಕಲಿತರು, ಮಾತಾಡಿ ನಟಿಸೋದನ್ನೂ ಕಲಿತರು. ಇಲ್ಲ ಅನ್ನೋರು ಬನ್ನಿ, ವಾದ ಮಾಡಿ, ನಾನಂತೂ ಬಿಡಲ್ಲ.

ಮುಂದಿನ ವಾರ ಇದೇ ಭವನಾನಿಯವರ ಮೂಕಿ ಚಿತ್ರ ‘ವಸಂತಸೇನಾ’. ನಮ್ಮ ಟಿ.ಪಿ. ಕೈಲಾಸಂ ಅದರಲ್ಲಿ ನಟಿಸಿದ್ದರು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು. ಕೈಲಾಸಂ ಅಂದ್ರೆ ಪ್ರಾಣ ಬಿಡೋ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಕೂರಿಸಿಕೊಳ್ಳಿ.