ತಲೆಯೊಳಗಿನ ಸಿಳ್ಳೆ

ಕೇಳುಗರೆ, ನಮಸ್ಕಾರ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೆ ಹೃದಯದ ಕವಾಟ ಬದಲಿಸುವುದಿತ್ತು. ಅರಿವಳಿಕೆ ಕೊಡುವವನು ನಾನು. ಹಿಂದಿನ ಸಂಜೆ, ಮಿದುಳಿನ ರಕ್ತದ ಓಟ ಕೇಳಿಸುವ ಅಲ್ಟ್ರಾಸೌಂಡ್ ಯಂತ್ರ ಇಡಲು ಅವರ ಕಣತಲೆಗೆ ತಣ್ಣನೆ ಜೆಲ್ ಹಚ್ಚಿದೆ. ‘ಡಾಕ್ಟ್ರೇ, ಆಪರೇಷನ್ ಎದೆಗಲ್ವಾ?’ ಅಂದರು.

ಅವರ ತೋಟದ ಲೆಕ್ಕದಲ್ಲೇ ಹೇಳಿದೆ. ಗುಡ್ಡದ ಒರತೆಯಿಂದ ಮನೆವರೆಗೆ ಪೈಪ್ ಎಳೆದಿರುತ್ತೀರಿ. ಯಾವುದೋ ಏರಿನಲ್ಲಿ ಗಾಳಿ ಹಿಡಿದರೆ ಮೇಲೆ ನೀರಿದ್ದರೂ ಕೆಳಗೆ ನಲ್ಲಿ ಬರೀ ಬುಸುಗುಡುತ್ತದೆ. ಒಮ್ಮೊಮ್ಮೆ ದರಗು ಸಿಕ್ಕಿಕೊಂಡಿರುತ್ತದೆ. ಇಂಥ ಆಪರೇಷನ್ನಿನಲ್ಲಿ ಮಿದುಳಿನ ರಕ್ತನಾಳಕ್ಕೂ ಇವೆರಡರ ಕಾಟ: ಗಾಳಿಗುಳ್ಳೆ ಅಥವಾ ಗಟ್ಟಿ ಚೂರು.

ಇವರ ಕವಾಟ ಬದಲಿಸಲು ಹೃದಯ ಬಿಚ್ಚಬೇಕು, ಆಗ ಗಾಳಿ ಒಳಗೆ ಹೋಗುತ್ತದೆ. ಅಷ್ಟು ಹೊತ್ತು ರಕ್ತ ಓಡಿಸುವುದು ಯಂತ್ರದ ಕೆಲಸ. ಅಮೆರಿಕದ ಜಾನ್ ಗಿಬ್ಬನ್ 1953ರಲ್ಲಿ ಇಂಥ ಯಂತ್ರ ಬಳಸಿ ಆಪರೇಷನ್ ಮಾಡಿ ಗೆದ್ದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ ಅದುಮಿ ಹಿಡಿಯುವ ಕ್ಲಾಂಪ್ ಹಾಕುತ್ತೇವೆ. ವಯಸ್ಸಾದವರಲ್ಲಿ ಅದರ ಒಳಗೋಡೆಗೆ ಕೊಬ್ಬು, ಸುಣ್ಣ ಕಟ್ಟಿರುತ್ತದೆ. ಹಳೇ ಹಂಡೆ ತಟ್ಟಿದರೆ ಚಕ್ಕೆ ಏಳುವುದಿಲ್ಲವೇ, ಹಾಗೆ.

ತಲೆಬುರುಡೆ ದಪ್ಪ, ಶಬ್ದ ತೂರುವುದು ಕಷ್ಟ. ಕಣತಲೆಯ ಮೂಳೆ ಮಾತ್ರ ತೆಳು. 1982ರಲ್ಲಿ ಸಂಶೋಧಕ ರೂನೆ ಆಸ್ಲಿಡ್ ಮತ್ತು ಸಂಗಡಿಗರು ಅಲ್ಲಿಂದಲೇ 2 ಮೆಗಾಹರ್ಟ್ಸ್ ಅಲ್ಟ್ರಾಸೌಂಡ್ ಬಿಟ್ಟು ಮಿದುಳಿನ ರಕ್ತದ ಓಟ ಅಳೆದು ತೋರಿಸಿದರು. ಕೆಂಪು ರಕ್ತಕಣಗಳಿಗೆ ತಾಗಿ ಮರಳುವ ಅಲೆ ಸ್ಪೀಕರಿನಲ್ಲಿ ‘ಶ್ವೂ... ಶ್ವೂ...’ ಎನ್ನುತ್ತದೆ. ಗುಳ್ಳೆ ಬಂದರೆ ಅಲೆ ಜೋರಾಗಿ ಮರಳುತ್ತದೆ. ನಡುವೆ ‘ಚಿಂವ್’ ಅಂತ ಒಂದು ಸಿಳ್ಳೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಬೆಳಗಿನ ಜಾವ ಹಳ್ಳದ ಬದಿ ಹಕ್ಕಿಯೊಂದು ಅರ್ಧ ಕೂಗಿ ನಿಲ್ಲಿಸಿದ ಹಾಗೆ.

ಮರುದಿನ ಕ್ಲಾಂಪ್ ತೆಗೆದಾಗ ನಾಲ್ಕೈದು ಸಿಳ್ಳೆ ಒಟ್ಟಿಗೆ ಬಂದವು. ನಾನು ಕೈ ಎತ್ತಿದೆ. ಸರ್ಜನ್ ಹೃದಯವನ್ನು ಮೆಲ್ಲಗೆ ಅಲುಗಿಸಿ, ಉಳಿದ ಗಾಳಿಯನ್ನು ಸಣ್ಣ ಕೊಳವೆಯಿಂದ ಹೊರಗೆಳೆದರು. ಎದೆಯ ಮೇಲೆ ಮೊದಲಿನಿಂದಲೂ ಕಾರ್ಬನ್ ಡೈಆಕ್ಸೈಡ್ ಹರಿಯುತ್ತಿತ್ತು. ಅದು ಗಾಳಿಗಿಂತ ಬೇಗ ರಕ್ತದಲ್ಲಿ ಕರಗುತ್ತದೆ. ಸಿಳ್ಳೆ ವಿರಳವಾಯಿತು.

ಈ ಅಲ್ಟ್ರಾಸೌಂಡ್ ಯಂತ್ರ ಸಿಳ್ಳೆ ಕೇಳಿಸುತ್ತದೆ, ಅಷ್ಟೇ. ಹೋದ ಗುಳ್ಳೆಯನ್ನು ಹಿಡಿದು ತರುವುದಿಲ್ಲ. ಗುಳ್ಳೆಯೋ ಚೂರೋ ಅಂತ ಖಚಿತವಾಗಿ ಹೇಳುವುದೂ ಕಷ್ಟ. ಮಾಂಸ ಸುಡುವ ವಿದ್ಯುತ್ ಕಡ್ಡಿ ಚಾಲೂ ಆದರೆ ಬರೀ ಗರಗರ. ಕೆಲವರ ಕಣತಲೆ ಮೂಳೆಯೇ ದಪ್ಪ, ಏನೂ ಕೇಳುವುದಿಲ್ಲ. ವಯಸ್ಸಾದ ಹೆಂಗಸರಲ್ಲಿ ಇದು ಜಾಸ್ತಿ. ಸಿಳ್ಳೆ ಬಂತು ಅಂದರೆ ಲಕ್ವ ಹೊಡೆಯಿತು ಅಂತಲೂ ಅಲ್ಲ. ಸಣ್ಣ ಗುಳ್ಳೆಗಳು ಬಹಳಷ್ಟು ಸುಮ್ನೆ ಕರಗುತ್ತವೆ. ಆದರೂ ಸಿಳ್ಳೆ ಕೇಳಿಸಿದ ಥಿಯೇಟರಿನಲ್ಲಿ ಕೈಗಳು ಇನ್ನಷ್ಟು ಮೆತ್ತಗಾಗುವುದನ್ನು ನಾನು ನೋಡಿದ್ದೇನೆ.

ಎಚ್ಚರವಾದಾಗ ಕೈಕಾಲು ಆಡಿಸಿ ಎಂದೆ. ನಾಲ್ಕೂ ಆಡಿಸಿದರು. ತಿಂಗಳ ನಂತರ ತಪಾಸಣೆಗೆ ಬಂದವರು, ತಮ್ಮ ತಲೆಯ ಶಬ್ದ ಕೇಳಿಸಿ ಎಂದು ಹಟ ಹಿಡಿದರು. ಕೇಳಿಸಿದೆ. ಕಣ್ಣು ಮುಚ್ಚಿ ಕೂತು, ‘ಗಾಳಿ ಇಲ್ಲ ಅಲ್ವಾ?’ ಅಂದರು.

‘ಇಲ್ಲ ಗೌಡ್ರೇ, ನೀರು ಚೆನ್ನಾಗಿ ಬರ್ತಿದೆ’ ಅಂದೆ.